ಜೇನಕ್ಕನಿಗೆ ಬಂದ ಕೀಲುನೋವು

ಜೇನಕ್ಕನಿಗೆ ಜೇನು ಕಂಡರೆ ಆಗುತ್ತಿರಲಿಲ್ಲ. ಗಂಡ ಹಿತ್ತಲಲ್ಲಿ ಜೇನುಪೆಟ್ಟಿಗೆ ಇಟ್ಟಿದ್ದ, ಬೀದಿಯವರು ಅವನನ್ನು ಜೇನಣ್ಣ ಎಂದರು, ಕಟ್ಟಿಕೊಂಡ ತಪ್ಪಿಗೆ ಇವಳು ಜೇನಕ್ಕನಾದಳು. ಅಣ್ಣನ ಹೆಂಡತಿ ಅತ್ತಿಗೆಯಾಗಬೇಕಲ್ಲವೇ, ಅಕ್ಕ ಹೇಗಾದಳು ಎಂದು ಕೇಳಬೇಡಿ. ಬೀದಿಯವರಿಗೆ ಅಷ್ಟು ಲೆಕ್ಕಾಚಾರ ಬೇಕಿರಲಿಲ್ಲ. ಸೀಮೆಎಣ್ಣೆ ಮಾರುವವನ ಹೆಂಡತಿಯನ್ನು ಯಾರಾದರೂ ಸೀಮೆಎಣ್ಣೆಯಕ್ಕ ಅಂತಾರಾ ಎಂದು ಅವಳು ಮೊದಮೊದಲು ಜಗಳವಾಡಿದ್ದುಂಟು. ಆಮೇಲೆ ಕರೆದರೆ ತಿರುಗಿ ನೋಡುವುದು ಅಭ್ಯಾಸವಾಯಿತು.

ಹುಳದ ತನಕ ಗಂಡನ ಕೆಲಸ, ಹುಳ ದಾಟಿದ ಮೇಲೆ ಎಲ್ಲ ಇವಳದು. ಅವನು ಜೇನಿನ ಎರಿ ತೆಗೆದು ತಂದರೆ ತುಪ್ಪ ಇಳಿಸುವವಳು ಇವಳು, ತೆಳುಬಟ್ಟೆಯಲ್ಲಿ ಸೋಸುವವಳು ಇವಳು, ಬಾಟಲಿ ತೊಳೆದು ಬಿಸಿಲಿಗಿಟ್ಟು ತುಂಬಿಸಿ, ಮೇಲೆ ತನ್ನ ಗುಂಡುಗುಂಡು ಅಕ್ಷರದಲ್ಲಿ ‘ಶುದ್ಧ ಜೇನುತುಪ್ಪ’ ಎಂದು ಬರೆದು ಅಂಟಿಸುವವಳೂ ಇವಳು. ಅವನ ಮುಖಪರದೆ ಹೊಲಿಯುವುದು, ಪೆಟ್ಟಿಗೆಯ ಹತ್ತಿರ ಹೋಗುವಾಗ ತೊಡುವ ಬಿಳಿ ಅಂಗಿ ಪ್ಯಾಂಟನ್ನು ದಿನಾ ಕೊಡವಿ ಒಗೆಯುವುದು ಸಹ ಇವಳ ಪಾಲಿನದೇ. ಪೆಟ್ಟಿಗೆಯ ಹತ್ತಿರ ಮಾತ್ರ ಗಂಡ ಅವಳನ್ನು ಬಿಡುತ್ತಿರಲಿಲ್ಲ. ಹುಳ ಕಂಡರೆ ಕೈ ಬೀಸುತ್ತೀಯ, ಅವಕ್ಕೆ ಸಿಟ್ಟು ಬರುತ್ತದೆ ಎನ್ನುತ್ತಿದ್ದ. ಹಾಗಾಗಿ ಅವಳಿಗೆ ಹುಳ ಕಚ್ಚಿ ಎಷ್ಟೋ ವರ್ಷಗಳಾಗಿದ್ದವು. ಹೆಂಡತಿಯ ಸಿಟ್ಟಿಗಿಂತ ಹುಳದ ಸಿಟ್ಟಿಗೆ ಹೆದರುವ ಗಂಡ ಎಂದು ಅವಳು ಗೊಣಗಿಕೊಳ್ಳುತ್ತಿದ್ದಳು.

ಗಂಡ ಮೊದಲು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ಕೆಟ್ಟ ಮನುಷ್ಯ ಖಂಡಿತ ಅಲ್ಲ. ಕುಡಿತವಿಲ್ಲ, ಬೈಗುಳವಿಲ್ಲ. ಆದರೆ ಮಾತೂ ಇಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುವುದು ನಿಜವಾದರೆ ಆ ಮನೆಯಲ್ಲಿ ಬಂಗಾರಕ್ಕೆ ಬರವಿರಲಿಲ್ಲ. ಊಟ ಆಯಿತಾ ಎಂದರೆ ಹೂಂ, ಚೆನ್ನಾಗಿದೆಯಾ ಎಂದರೆ ಹೂಂ, ಮಗಳು ಫೋನ್ ಮಾಡಿದ್ದಳು ಎಂದರೆ ಅದಕ್ಕೂ ಒಂದು ಹೂಂ. ಗಂಡಸರೆಲ್ಲ ಹೀಗೆಯೇ ಎಂದು ಜೇನಕ್ಕ ಎಂದೋ ರಾಜಿಯಾಗಿದ್ದಳು. ಟೈಪಿಂಗ್ ಮೇಡಂ ಬರದಿದ್ದರೆ ಆ ರಾಜಿಯಲ್ಲೇ ಬದುಕು ಮುಗಿಯುತ್ತಿತ್ತೋ ಏನೋ.

ಜೇನು ಕಚ್ಚಿಸಿಕೊಳ್ಳಲು ಜನ ಬರುವುದು ಅಷ್ಟರಲ್ಲಾಗಲೇ ಶುರುವಾಗಿತ್ತು. ಮಂಡಿನೋವಿನ ಒಬ್ಬ ಹಮಾಲಿಗೆ ಹಿತ್ತಲಲ್ಲಿ ಅಕಸ್ಮಾತ್ ಹುಳ ಕಚ್ಚಿ, ಮಾರನೆಯ ದಿನ ಅವನು ಮೆಟ್ಟಿಲು ಸಲೀಸಾಗಿ ಹತ್ತಿದೆ ಎಂದು ಬೀದಿಯೆಲ್ಲ ಸಾರಿದ್ದ. ಅಲ್ಲಿಂದ ಕೀಲುನೋವಿನವರು ಒಬ್ಬೊಬ್ಬರಾಗಿ ಬಂದರು. ಗಂಡ ಇದನ್ನು ಹುಡುಗಾಟ ಮಾಡಿಕೊಳ್ಳಲಿಲ್ಲ. ಈ ವಿದ್ಯೆ ಗೊತ್ತಿದ್ದ ಹಳೆಯ ಜೇನುಗಾರನೊಬ್ಬನ ಹತ್ತಿರ ಹೋಗಿ ಕಲಿತು ಬಂದ. ಹೊಸಬರು ಯಾರೇ ಬರಲಿ, ಮೊದಲ ದಿನ ಮುಂಗೈಗೆ ಒಂದೇ ಒಂದು ಹುಳ, ಕಚ್ಚಿದ ತಕ್ಷಣ ಮುಳ್ಳು ಕೆರೆದು ತೆಗೆದು, ಅರ್ಧ ಗಂಟೆ ಎದುರಿಗೆ ಕೂರಿಸಿಕೊಂಡು ನೋಡುತ್ತಿದ್ದ. ಉಬ್ಬಸ ಇದೆಯಾ, ಹೃದಯದ ಮಾತ್ರೆ ನುಂಗುತ್ತೀರಾ, ಹಿಂದೆ ಹುಳ ಕಚ್ಚಿದಾಗ ಮೈ ಊದಿತ್ತಾ ಎಂದು ಪ್ರಶ್ನೆಯ ಮೇಲೆ ಪ್ರಶ್ನೆ. ಸ್ವಲ್ಪ ಅನುಮಾನ ಬಂದರೂ ಕೈಮುಗಿದು ವಾಪಸ್ ಕಳಿಸುತ್ತಿದ್ದ. ವಿಷದಿಂದ ನೋವು ನಿಜಕ್ಕೂ ಹೋಗುತ್ತಿತ್ತೋ, ಹೊಸ ಉರಿಯಲ್ಲಿ ಹಳೆಯ ನೋವು ಮರೆತುಹೋಗುತ್ತಿತ್ತೋ, ದೇವರಿಗೇ ಗೊತ್ತು. ಹೋದವರು ಮತ್ತೆ ಬರುತ್ತಿದ್ದರು ಎನ್ನುವುದಷ್ಟೇ ನಮಗೆ ಗೊತ್ತು.

ಟೈಪಿಂಗ್ ಮೇಡಂ ಬಂದದ್ದು ಹೀಗೆ. ಊರಿನ ಅರ್ಧ ಗುಮಾಸ್ತರಿಗೆ ಟೈಪಿಂಗ್ ಕಲಿಸಿ, ಇನ್‌ಸ್ಟಿಟ್ಯೂಟ್ ಮುಚ್ಚಿ ಮನೆಯಲ್ಲಿ ಕೂತಿದ್ದ ಒಂಟಿ ಹೆಂಗಸು. ಇಸ್ತ್ರಿ ಮುರಿಯದ ಬಟ್ಟೆ, ನೆಟ್ಟಗಿನ ಬೆನ್ನು, ತೂಗಿ ಅಳೆದ ಮಾತು. ಬೆರಳುಗಳು ಮಾತ್ರ ಗಿಣ್ಣುಗಿಣ್ಣಿನಲ್ಲೂ ಊದಿ ಒಂದೊಂದು ಒಂದೊಂದು ದಿಕ್ಕಿಗೆ ತಿರುಗಿದ್ದವು. ಮೊದಲ ದಿನದ ಒಂದು ಹುಳದ ಟೆಸ್ಟ್‌ನಲ್ಲಿ ಪಾಸಾದರು. ಆಮೇಲೆ ವಾರದಲ್ಲಿ ಮೂರು ಬೆಳಿಗ್ಗೆ ತಾವೇ ಕಾರು ಓಡಿಸಿಕೊಂಡು ಬರತೊಡಗಿದರು.

ಹಿಂಬಾಗಿಲ ಪಡಸಾಲೆಯ ಬೆಂಚಿನ ಮೇಲೆ ಮೇಡಂ ಕೂರುವುದು. ಗಂಡ ಎದುರಿಗೆ ಮಣೆ ಹಾಕಿಕೊಂಡು ಅವರ ಕೈಯನ್ನು ತನ್ನ ಅಂಗೈ ಮೇಲಿಟ್ಟುಕೊಳ್ಳುವುದು. ಒಂದೊಂದೇ ಗಿಣ್ಣನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಇಲ್ಲಿ ನೋವಾ, ಇಲ್ಲಾ ಎಂದು ಕೇಳುವುದು. ಆಮೇಲೆ ಚಿಮಟದಲ್ಲಿ ಹುಳ ಹಿಡಿದು ಜಾಗ ನೋಡಿ ತಾಗಿಸುವುದು. ‘ಉಸಿರು ಬಿಡಿ ಮೇಡಂ, ಆಯ್ತು, ಇನ್ನೇನಿಲ್ಲ’ ಎಂದು ಮಗುವಿಗೆ ಹೇಳುವ ಹಾಗೆ ಹೇಳುವುದು. ಮುಳ್ಳು ವಿಷ ಬಿಡುವ ತನಕ ಕೈ ಅಲ್ಲಾಡಬಾರದಲ್ಲ, ಅದಕ್ಕೆ ಹಿಡಿದೇ ಕೂರುವುದು. ಅಷ್ಟು ಹೊತ್ತು ಸುಮ್ಮನಿರಲಾದೀತೇ? ಮಾತು.

ಮಾತು! ಅಡುಗೆಮನೆಯ ಕಿಟಕಿಯ ಹಿಂದೆ ಜೇನು ಸೋಸುತ್ತ ನಿಂತ ಜೇನಕ್ಕನ ಕೈ ನಿಂತುಹೋಯಿತು. ರಾಣಿಹುಳ ಮುಪ್ಪಾದರೆ ಉಳಿದ ಹುಳಗಳು ಹೊಸ ರಾಣಿಯನ್ನು ಹೇಗೆ ಸಾಕುತ್ತವೆ ಎಂದು ಗಂಡ ಕಥೆ ಕಟ್ಟಿ ಹೇಳುತ್ತಿದ್ದ. ಡಿಪೋದಲ್ಲಿ ಬಸ್ಸಿನಡಿ ಮಲಗಿ ನಿದ್ದೆಹೋದ ಕಥೆ, ಬೇರೆ ಯಾವುದೋ ಮೆಕ್ಯಾನಿಕ್‌ನ ಕಥೆ. ಮೇಡಂ ನಗುತ್ತಿದ್ದರು. ಇಷ್ಟು ವರ್ಷ ಬಾವಿ ಬತ್ತಿದೆ ಎಂದು ನಂಬಿ ಕೂತಿದ್ದಳು ಜೇನಕ್ಕ. ನೀರಿತ್ತು. ಹಗ್ಗ ಇನ್ನೊಬ್ಬಳ ಕೈಯಲ್ಲಿತ್ತು. ಅವಳ ಹೊಟ್ಟೆಗೆ ಬೆಂಕಿ ಬಿದ್ದದ್ದು ಅವತ್ತೇ.

ಉರಿಯುವ ಬೆಂಕಿಗೆ ತುಪ್ಪ ಸುರಿಯಲು ಪಕ್ಕದ ಮನೆಯಲ್ಲೇ ನಾದಿನಿ ಇದ್ದಳು. ಗಂಡನ ತಂಗಿ, ಬಾಯಿ ಸ್ವಲ್ಪ ಉದ್ದ.

‘ಅತ್ತಿಗೆ, ಅಣ್ಣ ಇವತ್ತು ಗಡ್ಡ ತೆಗೆದಿದಾನೆ, ನೋಡಿದ್ರಾ?’

‘ತೆಗೀಲಿ ಬಿಡು. ಗಡ್ಡ ಅಂದ್ಮೇಲೆ ತೆಗೀತಾರೆ.’

‘ಅದಲ್ಲ, ಮೇಡಂ ಬರೋ ದಿನಾನೇ ತೆಗೀತಾನಲ್ಲ, ಅದಕ್ಕೆ ಹೇಳ್ದೆ. ನನಗ್ಯಾಕೆ ಬೇಕು ಊರ ಉಸಾಬರಿ.’

‘ಬೇಡ ಅಂದ್ಮೇಲೆ ಹೇಳಿದ್ದ್ಯಾಕೆ?’

‘ನಿಮ್ಮ ಒಳ್ಳೇದಕ್ಕೆ ಅತ್ತಿಗೆ. ಹಿತ್ತಲ ಗಿಡ ಮದ್ದಲ್ಲ ಅಂತ ದೊಡ್ಡೋರು ಸುಮ್ನೆ ಹೇಳಿದಾರಾ?’

ಆ ಮಾತು ಮುಳ್ಳಿನ ಹಾಗೆ ಒಳಗೇ ಮುರಿದು ಉಳಿಯಿತು. ತಾನು ಹಿತ್ತಲ ಗಿಡ. ದಿನಾ ಕಣ್ಣೆದುರಿಗಿದ್ದು ಕಾಣದೇ ಹೋದ ಗಿಡ. ಜೇನಕ್ಕ ಅಂದಿನಿಂದ ಸಣ್ಣ ಸಣ್ಣ ಸೇಡು ತೀರಿಸಿಕೊಳ್ಳತೊಡಗಿದಳು. ಮೇಡಂಗೆ ಕೊಡುವ ಟೀ ಆರಿದ ಮೇಲೆ ಕೊಟ್ಟಳು. ಅವರು ಕೊಂಡೊಯ್ಯುವ ಬಾಟಲಿಗೆ ಪಾತ್ರೆಯ ತಳದ ಗಸಿ ತುಂಬಿಸಿದಳು. ಬೆಂಚಿನ ಮೇಲಿನ ದಿಂಬನ್ನು ಒಗೆಯುವುದಿದೆ ಎಂದು ಎತ್ತಿಕೊಂಡು ಹೋದವಳು ವಾಪಸ್ ತರಲೇ ಇಲ್ಲ. ಮೇಡಂ ಟೀ ಕುಡಿದು ಚೆನ್ನಾಗಿದೆ ಎಂದರು, ಗಸಿ ಜೇನನ್ನು ಹೊಗಳಿದರು, ಬರೀ ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು. ಜಗಳಕ್ಕೆ ಸಿಗದ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಪಡುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ.

ಅವರ ಬೆರಳು ತುಸು ಸಡಿಲವಾದ ಹಾಗೂ ಕಂಡಿತು. ಒಂದು ಬೆಳಿಗ್ಗೆ ಮೇಡಂ ಸಂತೋಷದಿಂದ ಒಂದು ಕವರು ಬಿಚ್ಚಿದರು. ಒಳಗೆ ಟೈಪ್ ಮಾಡಿದ ಚೀಟಿಗಳು. ‘ಶುದ್ಧ ಜೇನುತುಪ್ಪ’ ಎಂದು ಒಂದೇ ಅಳತೆಯಲ್ಲಿ, ಸಾಲು ಓರೆಯಾಗದೆ.

‘ಎಷ್ಟೋ ವರ್ಷ ಆದ್ಮೇಲೆ ಮಷೀನ್ ಮುಂದೆ ಕೂತೆ. ನಿಮ್ಮಿಂದ ಆಗಿದ್ದು. ಬಾಟಲಿಗೆ ಅಂಟಿಸ್ಕೊಳಿ’ ಎಂದರು.

‘ನೀಟಾಗಿದೆ’ ಎಂದ ಗಂಡ.

ಅಂದು ಮಧ್ಯಾಹ್ನ ಅವನು ಗೋಂದಿನ ಡಬ್ಬಿ ಹಿಡಿದು ಕೂತು, ಜೇನಕ್ಕನ ಗುಂಡುಗುಂಡು ಅಕ್ಷರದ ಮೇಲೆಯೇ ಮೇಡಂ ಅಕ್ಷರ ಅಂಟಿಸಿದ. ಅವನಿಗೆ ಅದರಲ್ಲಿ ತಪ್ಪೇ ಕಾಣಲಿಲ್ಲ. ಕಂಡಿದ್ದರೆ ಅವನು ಗಂಡನೇಕಾಗುತ್ತಿದ್ದ! ಜೇನಕ್ಕ ಒಳಗೆ ಹೋಗಿ, ಅಕ್ಕಿಡಬ್ಬದ ಮೇಲೆ ಕೂತು ಅತ್ತಳು. ಅತ್ತು ಮುಗಿಯುವಷ್ಟರಲ್ಲಿ ತೀರ್ಮಾನವೂ ಆಗಿತ್ತು. ಗಂಡನ ಆ ಕೈ ಸಿಗಬೇಕಾದರೆ ಕೀಲುನೋವು ಬರಬೇಕು, ಅಷ್ಟೇ ತಾನೇ? ತನಗೂ ಬರುತ್ತದೆ.

ಮೊದಲ ಪ್ರಯತ್ನ ಕೆಟ್ಟಿತು. ‘ರೀ, ಬೆರಳು ನೋವು. ಈ ಮುಚ್ಚಳ ತಿರುಗ್ತಾನೇ ಇಲ್ಲ’ ಎಂದು ಬಾಟಲಿ ಹಿಡಿದು ಎದುರಿಗೆ ನಿಂತಳು. ಗಂಡ ಬಾಟಲಿ ಇಸಿದುಕೊಂಡು ಮುಚ್ಚಳ ತಿರುಗಿಸಿ ವಾಪಸ್ ಕೊಟ್ಟು, ಹುಳಗಳಿಗೆ ಹೊಗೆ ಹಾಕುವ ಡಬ್ಬಿ ಹಿಡಿದು ಹಿತ್ತಲಿಗೆ ಹೋದ. ಮೆಕ್ಯಾನಿಕ್ ಬುದ್ಧಿ, ರಿಪೇರಿ ಆಯಿತಲ್ಲ. ಎರಡನೆಯ ಸಲ ಅವಳು ಸುತ್ತುಬಳಸಲಿಲ್ಲ.

‘ನನಗೂ ಕೀಲುನೋವು ಕಣ್ರೀ. ಬಹಳ ದಿನದಿಂದ. ನನಗೂ ಹುಳ ಕಚ್ಚಿಸಿ.’

ಗಂಡ ಅವಳ ಮುಖವನ್ನೇ ನೋಡಿದ. ‘ನಾಳೆ ಬೆಳಿಗ್ಗೆ ನೋಡೋಣ’ ಎಂದ.

ಮಾರನೆಯ ಬೆಳಿಗ್ಗೆ ಅವಳು ಬೇಗ ಮಿಂದು, ಮದುವೆ ಮುಂಜಿಗೆಂದು ಎತ್ತಿಟ್ಟ ಬಟ್ಟೆ ಉಟ್ಟು ಬೆಂಚಿನ ಮೇಲೆ ಕೂತಳು. ಮೇಡಂ ಬಂದಾಗ ಜಾಗ ಬಿಡಲಿಲ್ಲ. ‘ಇವತ್ತು ನನ್ನದು ಮೊದಲು ಮೇಡಂ. ನನಗೂ ನಿಮ್ಮ ಹಾಗೇ ಆಗಿದೆ’ ಎಂದಳು. ಅಯ್ಯೋ ಪಾಪ ಎಂದು ಮೇಡಂ ಮಣೆಯ ಪಕ್ಕದ ಕುರ್ಚಿಯಲ್ಲಿ ಕೂತರು. ಅವರ ಕಣ್ಣೆದುರಿಗೇ ಇದೆಲ್ಲ ನಡೆಯಬೇಕೆಂಬುದು ಜೇನಕ್ಕನ ಆಸೆಯೂ ಆಗಿತ್ತು.

ಗಂಡ ಅವಳ ಕೈಯನ್ನು ಅಂಗೈಯಲ್ಲಿ ತೆಗೆದುಕೊಂಡ. ಹೆಬ್ಬೆರಳಿನಿಂದ ಒಂದೊಂದೇ ಗಿಣ್ಣನ್ನು ಒತ್ತಿದ. ಒತ್ತಿದಲ್ಲೆಲ್ಲ ಅವಳು ಹಾಂ ಹಾಂ ಅಂದಳು. ಅವನು ಅವಸರ ಮಾಡಲಿಲ್ಲ. ಕೈ ತಿರುಗಿಸಿ ನೋಡಿದ, ಮತ್ತೆ ಒತ್ತಿದ. ಅವಳ ಎದೆ ಹೊಸ ಮದುವಣಗಿತ್ತಿಯ ಹಾಗೆ ಹೊಡೆದುಕೊಳ್ಳುತ್ತಿತ್ತು. ಈ ವಯಸ್ಸಿನಲ್ಲಿ ಇದೇನು ಎಂದು ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚು ಸುಖವಾಯಿತು. ಗಂಡ ಚಿಮಟ ಎತ್ತಿಕೊಂಡ.

‘ಇವರಿಗೆ ಮೊದಲು ಟೆಸ್ಟ್ ಮಾಡಲ್ವಾ?’ ಎಂದರು ಮೇಡಂ.

ಗಂಡನ ಕೈ ತಡೆಯಿತು. ಅವನು ಮುಂಗೈ ಕಡೆ ನೋಡಿದ. ಮೇಡಂ ಹೇಳಿದರು, ಇವನು ಕೇಳಿದ! ಅಷ್ಟು ಸಾಕಾಯಿತು ಜೇನಕ್ಕನಿಗೆ.

‘ಟೆಸ್ಟ್ ಎಲ್ಲ ಹೊರಗಿನವರಿಗೆ ಮೇಡಂ’ ಎಂದಳು, ಹೊರಗಿನವರು ಎಂಬ ಮಾತನ್ನು ಚೆನ್ನಾಗಿ ಒತ್ತಿ. ‘ಮೂವತ್ತು ವರ್ಷದಿಂದ ಜೇನಿನ ಮನೇಲಿ ಇರೋಳು ನಾನು. ಈ ಹುಳಗಳಿಗೂ ನನಗೂ ನಂಟಸ್ತನ. ನೀವು ಹಾಕ್ರೀ.’

ಗಂಡನಿಗೂ ಅದು ಸರಿ ಅನ್ನಿಸಿರಬೇಕು. ಜೇನಿನ ಮನೆಯವಳಿಗೆ ಜೇನು ಏನು ಮಾಡೀತು? ಉಂಗುರದ ಬೆರಳಿನ ಗಿಣ್ಣಿಗೆ ಹುಳ ತಾಗಿಸಿದ. ಮುಳ್ಳನ್ನು ಹಾಗೆಯೇ ಬಿಟ್ಟು, ಕೈ ಹಿಡಿದು ಕೂತ. ಉರಿ ನೆತ್ತಿಗೇರಿದರೂ ಜೇನಕ್ಕ ಮೇಡಂ ಕಡೆ ನೋಡಿ ನಕ್ಕಳು.

ಸ್ವಲ್ಪ ಹೊತ್ತಿಗೆ ಅಂಗೈ ಅಂಗಾಲು ನವೆಯಾಯಿತು. ಆಮೇಲೆ ತಲೆಯೊಳಗೂ ನವೆ. ನಾಲಿಗೆ ದಪ್ಪವಾದಂತೆ ಅನ್ನಿಸಿತು. ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಟೆಸ್ಟ್ ಬೇಡ ಎಂದು ಈಗಷ್ಟೇ ಜಂಬ ಕೊಚ್ಚಿ, ಅದೇ ಮೇಡಂ ಎದುರಿಗೆ ಏನೋ ಆಗುತ್ತಿದೆ ಎನ್ನುವುದು ಹೇಗೆ? ಅದೂ ಅಲ್ಲದೆ, ಹೇಳಿದರೆ ಗಂಡ ಕೈ ಬಿಟ್ಟು ಏಳುತ್ತಾನೆ. ಬಾಯಿ ಬಿಗಿಹಿಡಿದು ಕೂತಳು. ಉಸಿರು ಶಿಳ್ಳೆಯಂತೆ ಬರತೊಡಗಿತು. ಗಂಡ ಬೆರಳನ್ನೇ ನೋಡುತ್ತಿದ್ದ, ಮುಖ ನೋಡಲಿಲ್ಲ. ನೋಡಿದವರು ಮೇಡಂ.

‘ರೀ, ಇವರ ತುಟಿ ನೋಡಿ! ಮುಳ್ಳು ತೆಗೀರಿ! ಏಳಿ, ಕಾರಿಗೆ ಎತ್ಕೊಳಿ!’

ತೂಗಿ ಅಳೆದು ಮಾತಾಡುವ ಮೇಡಂ ಹಾಗೆ ಕಿರುಚಿದ್ದನ್ನು ನಾದಿನಿ ಪಕ್ಕದ ಮನೆಯಿಂದ ಕೇಳಿಸಿಕೊಂಡು ಓಡಿಬಂದಳು. ಅಷ್ಟರಲ್ಲಿ ಜೇನಕ್ಕನ ಕಣ್ಣು ಸಣ್ಣ ಸೀಳಾಗುವಷ್ಟು ಮುಖ ಊದಿತ್ತು. ಕಾರಿನ ಹಿಂದಿನ ಸೀಟಿನಲ್ಲಿ ಗಂಡನ ತೊಡೆಯ ಮೇಲೆ ತಲೆ ಇತ್ತು. ಮುಂದೆ, ಸ್ಟೇರಿಂಗ್ ಮೇಲೆ, ಗಿಣ್ಣು ಬಿಳಚುವಷ್ಟು ಬಿಗಿಹಿಡಿದ ಆ ಸೊಟ್ಟ ಬೆರಳುಗಳು ಕಂಡವು. ಸಾಯುವ ಹೊತ್ತಿನಲ್ಲೂ ಇವಳ ಬೆರಳೇ ಕಾಣಬೇಕೇ ಎಂದು ಜೇನಕ್ಕನಿಗೆ ಅನ್ನಿಸಿತಂತೆ. ಆಮೇಲೆ ಏನೂ ನೆನಪಿಲ್ಲ.

ಬದುಕಿದಳು. ಆಸ್ಪತ್ರೆಯಲ್ಲಿ ತೊಡೆಗೆ ಇಂಜೆಕ್ಷನ್ ಚುಚ್ಚಿ, ಮೂಗಿಗೆ ಗಾಳಿ ಕೊಟ್ಟು, ಉಸಿರು ಸರಿದಾರಿಗೆ ಬಂದ ಮೇಲೆ ಡಾಕ್ಟರಮ್ಮ ಗಂಡನನ್ನು ಹಿಡಿದು ಜಾಡಿಸಿದರು.

‘ಜೇನಿನ ವಿಷ ಅಂದ್ರೆ ಮುಲಾಮು ಅಂದ್ಕೊಂಡ್ರಾ? ಕೀಲುನೋವಿಗೆ ಇದರಿಂದ ಗುಣ ಆಗುತ್ತೆ ಅಂತ ಗಟ್ಟಿಯಾಗಿ ಹೇಳೋಕೆ ನಮ್ಮ ಕೈಲೇ ಆಗಿಲ್ಲ. ನಿಮಗ್ಯಾರು ಹೇಳಿದ್ರು?’

‘ಮೂವತ್ತು ವರ್ಷ ಜೇನಿನ ಮನೇಲೇ ಇದಾಳೆ ಡಾಕ್ಟ್ರೇ. ಅವಳಿಗೆ ಹೀಗಾಗುತ್ತೆ ಅಂತ...’

‘ಮನೇಲಿ ಇದ್ದಿದ್ದಕ್ಕೇ ಹೀಗಾಗಿರಬಹುದು. ಪೆಟ್ಟಿಗೆ ಹತ್ರ ಹೋಗುವಾಗ ನೀವು ಹಾಕೋ ಬಟ್ಟೆ ಒಗೆಯೋರು ಯಾರು? ಕೊಡವೋರು ಯಾರು? ಬಟ್ಟೆ ಮೇಲಿನ ವಿಷದ ಧೂಳು ದಿನಾ ಮೂಗಿಗೆ ಹೋಗ್ತಾ ಇದ್ರೆ ಕೆಲವರ ಮೈ ಒಳಗೊಳಗೇ ಅದಕ್ಕೆ ತಿರುಗಿಬಿಡುತ್ತೆ. ಇನ್ನೊಂದು ಸಲ ಕಚ್ಚಿದ್ರೆ ಇಲ್ಲಿ ತನಕ ತರೋಷ್ಟು ಹೊತ್ತು ಸಿಗುತ್ತೋ ಇಲ್ವೋ. ಪೆಟ್ಟಿಗೆಯಾಗಲಿ, ಆ ಬಟ್ಟೆಯಾಗಲಿ, ಇವರಿರೋ ಕಡೆ ಇರಕೂಡದು.’

ಮಂಚದ ಮೇಲೆ ಕಣ್ಣುಮುಚ್ಚಿ ಮಲಗಿದ್ದ ಜೇನಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಪೆಟ್ಟಿಗೆ, ಇಲ್ಲವೇ ಹೆಂಡತಿ, ಎರಡರಲ್ಲಿ ಒಂದು. ಗಂಡ ಏನು ಹೇಳುತ್ತಾನೆ ಎಂದು ಕಿವಿ ನೆಟ್ಟಗೆ ಮಾಡಿಕೊಂಡಳು. ಅವನು ಹೂಂ ಎಂದ. ಆ ಹೂಂ ಯಾವುದಕ್ಕೆಂದು ತಿಳಿಯಲಿಲ್ಲ. ‘ಅಣ್ಣ ಹುಳ ಬಿಟ್ಟು ಬದುಕೋ ಪೈಕಿ ಅಲ್ಲ ಅತ್ತಿಗೆ. ಸ್ವಲ್ಪ ದಿನ ನಿಮ್ಮನ್ನ ಮಗಳ ಮನೆಗೆ ಕಳಿಸ್ತಾನೇನೋ’ ಎಂದು ನಾದಿನಿ ಹಣ್ಣು ಹೆಚ್ಚಿಕೊಡುತ್ತಾ ಸಮಾಧಾನ ಹೇಳಿದಳು. ಅವಳ ಸಮಾಧಾನ ಎಂದರೆ ಇಷ್ಟೇ.

ಆದರೆ ಮನೆಗೆ ಬಂದು ನೋಡಿದರೆ ಹಿತ್ತಲು ಖಾಲಿ. ಪೆಟ್ಟಿಗೆ ಕೂರಿಸಿದ್ದ ಕಲ್ಲುಗಳಷ್ಟೇ ಉಳಿದಿದ್ದವು. ಜೇನಕ್ಕನ ಕಣ್ಣು ತುಂಬಿ ಬಂತು. ಅವನು ತನ್ನನ್ನೇ ಆರಿಸಿಕೊಂಡಿದ್ದ! ಮಹಾರಾಣಿಯ ಹಾಗೆ ಅಡುಗೆಮನೆಗೆ ಹೋಗಿ ಟೀಗಿಟ್ಟಳು. ಆ ಸುಖ ಟೀ ಕುದಿಯುವ ತನಕವೂ ಬಾಳಲಿಲ್ಲ.

‘ಯಾರಿಗೆ ಕೊಟ್ರಿ ಪೆಟ್ಟಿಗೆ?’

‘ಕೊಟ್ಟಿಲ್ಲ. ಇಟ್ಟಿದೀನಿ. ಮೇಡಂ ಮನೆ ಹಿಂದೆ ಜಾಗ ಇತ್ತು.’

ಇನ್ನು ಯಾರಿಗೂ ಹುಳ ಕಚ್ಚಿಸುವುದಿಲ್ಲ ಎಂದು ಅವನು ಎಲ್ಲರಿಗೂ ಹೇಳಿ ಕಳಿಸಿದ್ದ, ಮೇಡಂಗೂ. ನನ್ನ ಬೆರಳು ಹೇಗಿದೆಯೋ ಹಾಗಿರಲಿ, ಜೀವಕ್ಕಿಂತ ಹೆಚ್ಚಾ ಎಂದರಂತೆ ಅವರು. ಪೆಟ್ಟಿಗೆಗೆ ಜಾಗವನ್ನೂ ತಾವಾಗಿಯೇ ಕೊಟ್ಟರಂತೆ. ಒಳ್ಳೆಯ ಹೆಂಗಸು, ಜೀವ ಉಳಿಸಿದವರು, ಕೈಮುಗಿಯಬೇಕು ಎಂದು ಜೇನಕ್ಕನಿಗೂ ಗೊತ್ತಿತ್ತು. ಕೈಮುಗಿದಳು ಕೂಡ. ಆದರೆ ಹೊಟ್ಟೆಕಿಚ್ಚಿಗೆ ಉಪಕಾರ ಅಪಕಾರ ಗೊತ್ತಾಗುವುದಿಲ್ಲ. ಮೊದಲು ಮೇಡಂ ಇಲ್ಲಿಗೆ ಬರುತ್ತಿದ್ದರು, ಕಿಟಕಿಯಿಂದಲಾದರೂ ಕಾಣುತ್ತಿತ್ತು. ಈಗ ಗಂಡ ಅಲ್ಲಿಗೆ ಹೋಗುತ್ತಾನೆ, ಅಲ್ಲಿ ಕಿಟಕಿ ಇವಳದಲ್ಲ. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದಿದ್ದಳು, ಬಿದ್ದ ಮೇಲೆ ಹಳ್ಳ ಇನ್ನೂ ಆಳವಾಗುತ್ತಿತ್ತು.

ಕೆಲವು ದಿನ ತಡೆದಳು. ಒಂದು ದಿನ ಮಧ್ಯಾಹ್ನದ ಊಟಕ್ಕೆ ಗಂಡ ಬಂದು ಪಕ್ಕದಲ್ಲಿ ಹಾದುಹೋದಾಗ ಗುಲಾಬಿಯ ವಾಸನೆ ಹೊಡೆಯಿತು. ಅವಳ ಮನೆಯಲ್ಲಿ ಗುಲಾಬಿ ವಾಸನೆಯ ಸೋಪು ಎಂದೂ ಬಂದಿರಲಿಲ್ಲ.

‘ಎಲ್ಲಿ ಸ್ನಾನ ಮಾಡಿದ್ರಿ?’

‘ಅಲ್ಲೇ. ಡಾಕ್ಟ್ರು ಹೇಳಿದಾರಲ್ಲ, ಮೈಮೇಲೆ ಧೂಳು ತರಬಾರದು ಅಂತ.’

‘ಬಟ್ಟೆ?’

‘ಅವರ ಮಷೀನಿಗೇ ಹಾಕ್ತಾರೆ.’

ಜೇನಕ್ಕ ಸೌಟನ್ನು ಪಾತ್ರೆಗೆ ಎಸೆದಳು. ‘ನನಗೆ ಹೊಟ್ಟೆಕಿಚ್ಚು ಕಣ್ರೀ! ಮೊದಲ ದಿನದಿಂದಾನೂ ಹೊಟ್ಟೆಕಿಚ್ಚು! ಅವರ ಕೈ ಹಿಡ್ಕೊಂಡು ಕಥೆ ಹೇಳ್ತೀರ, ನನಗೊಂದು ಹೂಂ. ನನ್ನ ಅಕ್ಷರದ ಮೇಲೆ ಅವರ ಅಕ್ಷರ ಅಂಟಿಸ್ತೀರ. ನನ್ನ ಬೆರಳಿಗೆ ಏನೂ ಆಗಿರಲಿಲ್ಲ, ಗೊತ್ತಾ? ಸುಳ್ಳು ಹೇಳಿದ್ದು ನಾನು!’

‘ಗೊತ್ತಿತ್ತು’ ಎಂದ ಗಂಡ.

‘ಏನು ಗೊತ್ತಿತ್ತು?’

‘ಏನೂ ಆಗಿಲ್ಲ ಅಂತ. ಹಿಡಿದ ಕೂಡಲೇ ಗೊತ್ತಾಯ್ತು. ಊತ ಇಲ್ಲ, ಬಿಸಿ ಇಲ್ಲ.’

‘ಗೊತ್ತಿದ್ದೂ ಕಚ್ಚಿಸಿದ್ರಾ? ನನ್ನನ್ನ ಸಾಯಿಸೋಕಾ?’

ಗಂಡ ತಲೆ ತಗ್ಗಿಸಿದ. ಅವನ ಬಾಯಿಂದ ಮಾತು ಹೊರಡುವುದು ಎಷ್ಟು ಕಷ್ಟ ಎಂದು ಅವಳಿಗೆ ಅಂದು ಕಂಡಿತು.

‘ಏನೂ ಆಗಿಲ್ಲ ಅಂದಿದ್ರೆ ನೀನು ಕೈ ಎಳ್ಕೊಂಡು ಒಳಗೆ ಹೋಗಿಬಿಡ್ತಿದ್ದೆ. ನೀನಾಗಿ ಬಂದು ಕೈ ಕೊಟ್ಟು ಎಷ್ಟು ವರ್ಷ ಆಗಿತ್ತು, ನೀನೇ ಹೇಳು. ಇನ್ನೊಂದು ಸ್ವಲ್ಪ ಹೊತ್ತು ಇರಲಿ ಅಂತ... ಬುದ್ಧಿ ಕೆಟ್ಟುಹೋಯ್ತು ನನಗೆ.’

ಅವನು ಕೈ ಹಿಡಿಯದ ದಿನಗಳ ಲೆಕ್ಕ ಜೇನಕ್ಕನ ಹತ್ತಿರ ಸರಿಯಾಗಿತ್ತು, ತಾನು ಚಾಚದ ದಿನಗಳ ಲೆಕ್ಕ ಇರಲಿಲ್ಲ. ಒಲೆ ಆರಿಸಿದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು ಬಚ್ಚಲಿಗೆ ಹೋಗಿ, ಗೂಡಿನಲ್ಲಿದ್ದ ಹೊಸ ಸೋಪು, ಒಂದು ಟವೆಲು ತಂದು ಅವನ ಮುಂದೆ ಹಿಡಿದಳು.

‘ನಾಳೆಯಿಂದ ಇದನ್ನ ತಗೊಂಡು ಹೋಗಿ. ಆ ಮನೆ ಸೋಪು ಮುಟ್ಟಿದ್ರೆ ನೋಡಿ.’

ಗಂಡ ಸೋಪಿನ ಜೊತೆಗೆ ಕೈಯನ್ನೂ ಹಿಡಿದುಕೊಂಡ. ಅವಳು ಎಳೆದುಕೊಳ್ಳಲಿಲ್ಲ, ಆದರೆ ಬಾಯಿ ಸುಮ್ಮನಿರಲಿಲ್ಲ.

‘ಬಟ್ಟೇನೂ ಅಷ್ಟೇ. ಅವರ ಮಷೀನಿಗೆ ಹಾಕಬೇಡಿ. ಅಲ್ಲೇ ಕಲ್ಲಿನ ಮೇಲೆ ನೀವೇ ಒಗೀರಿ.’